ನೀರಿಗೆ ಗ್ಯಾಸ್ ಹಿಡಿಸಿದ ಕಾಕ

ಸೋಡಾ ಕಾಕನ ಎಡಗೈಯಲ್ಲಿ, ಹೆಬ್ಬೆರಳಿನ ಬುಡಕ್ಕೆ, ಚರ್ಮದ ಅಡಿಯಲ್ಲಿ ಹಸಿರು ಗಾಜಿನ ಚೂರೊಂದು ಉಳಿದಿತ್ತು. ಯಾವಾಗಲೋ ಗೋಲಿ ಸೋಡಾದ ಬಾಟ್ಲಿ ಸಿಡಿದು ಹೊಕ್ಕದ್ದು. ತೆಗೆಸಿಕೊಳ್ಳಬಾರದೇ ಎಂದು ಕೇಳಿದರೆ, ಇಷ್ಟು ವರ್ಷ ಸುಮ್ಮನೆ ಕೂತದ್ದನ್ನು ಈಗ ಎಬ್ಬಿಸುವುದು ಮರ್ಯಾದೆ ಅಲ್ಲ ಎನ್ನುತ್ತಿದ್ದರು. ಅಂಗಡಿಗೆ ಹೊಸಬರು ಬಂದರೆ ಮುಟ್ಟಿ ನೋಡಲು ಕೈ ಚಾಚುವುದು ಬೇರೆ. ನಾನೂ ಮುಟ್ಟಿದ್ದೇನೆ.

ಪುಂಜಾಲಕಟ್ಟೆಯಲ್ಲಿ ಬಸ್ಸು ನಿಲ್ಲುವ ಕಡೆಯೇ ಅವರ ಅಂಗಡಿ, ಹಿಂದೆಯೇ ಮನೆ. ನಾನು ಹತ್ತಿರದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಸಂಜೆ ಬೆಳ್ತಂಗಡಿ ಬಸ್ಸು ಬರುವ ತನಕ ಅಲ್ಲಿ ಕೂತು ಪುನರ್ಪುಳಿ ಸೋಡಾ ಕುಡಿಯುವುದು ನನ್ನ ರೂಢಿ. ಪ್ಲಾಸ್ಟಿಕ್ ಬಾಟ್ಲಿಗಳು ಬಂದು ಗೋಲಿ ಸೋಡಾ ಕೇಳುವವರೇ ಇಲ್ಲವಾದರೂ ಕಾಕ ತಮ್ಮ ಹಳೆಯ ಮೆಶಿನನ್ನು ಮಾರಿರಲಿಲ್ಲ. ಬಾಟ್ಲಿಗಳನ್ನು ಪೆಟ್ಟಿಗೆಯಲ್ಲಿ ಬಿಗಿದು, ಗ್ಯಾಸ್ ಬಿಟ್ಟು, ಕೈಯಿಂದ ಗರಗರನೆ ತಿರುಗಿಸುವ ಮೆಶಿನು ಅದು. ಒಮ್ಮೆ ಹತ್ತನೆಯ ತರಗತಿಯನ್ನು ಅಲ್ಲಿಗೇ ಕರೆದುಕೊಂಡು ಹೋದೆ. ನಾನು ಎರಡು ಪೀರಿಯಡ್ ಗಂಟಲು ಹರಿದುಕೊಂಡರೂ ತಲೆಗೆ ಹೋಗದ್ದನ್ನು ಅವರು ಒಂದೇ ಮಾತಿನಲ್ಲಿ ಮುಗಿಸಿದರು: "ನೀರು ತಣ್ಣಗಿದ್ರೆ ಗ್ಯಾಸ್ ಕೂತುಕೊಳ್ತದೆ ಮಕ್ಕಳೇ, ಬಿಸಿಯಾದ್ರೆ ಎದ್ದು ಹೋಗ್ತದೆ." ಆ ವರ್ಷ ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ಯಾರೂ ತಪ್ಪು ಬರೆಯಲಿಲ್ಲ. ಗ್ಯಾಸ್ ನೀರಿನಲ್ಲಿ ಕರಗುವುದು ಎಂಬ ನಮ್ಮ ಪುಸ್ತಕದ ಮಾತು ಅವರಿಗೆ ಒಗ್ಗದು. ಅವರ ಪ್ರಕಾರ ನೀರು ಗ್ಯಾಸನ್ನು ಹಿಡಿಯುತ್ತದೆ, ಇಲ್ಲವೇ ಹಿಡಿಯುವುದಿಲ್ಲ.

ಅವರ ಹೆಂಡತಿಯ ಎರಡೂ ಕಿಡ್ನಿ ಕೈಕೊಟ್ಟವು. ಸೋಮವಾರ, ಗುರುವಾರ ಬಂಟ್ವಾಳಕ್ಕೆ ಡಯಾಲಿಸಿಸ್‌ಗೆ ಹೋಗಬೇಕು, ಇಡೀ ದಿನಕ್ಕೆ ಮೂರು ಲೋಟದ ಮೇಲೆ ನೀರು ಕುಡಿಯಬಾರದು. ಊರಿಗೆಲ್ಲ ಕುಡಿಯಲು ಕೊಟ್ಟವನ ಮನೆಯಲ್ಲಿ ನೀರಿಗೇ ಬೀಗ ಬಿತ್ತಲ್ಲ ಎಂದು ಕಾಕ ನಗಲು ನೋಡಿದರು, ಆಗಲಿಲ್ಲ.

ಆಗಲೇ ದುಬೈಯಲ್ಲಿದ್ದ ಅಳಿಯ ಒಂದು ಯಂತ್ರ ಕಳಿಸಿದ. ಕರೆಂಟಿನಿಂದ ನೀರಿಗೆ ಹೈಡ್ರೋಜನ್ ತುಂಬುವ ದಪ್ಪ ಬಾಟ್ಲಿ. ಅದರ ನೀರು ಕುಡಿದರೆ ಕಿಡ್ನಿ ಚೇತರಿಸುತ್ತದೆ ಎಂದು ಯಾರೋ ವೀಡಿಯೋದಲ್ಲಿ ಹೇಳಿದ್ದರಂತೆ. ಜೊತೆಗೆ ಪರೀಕ್ಷೆಗೊಂದು ನೀಲಿ ದ್ರವ, ನೀರಿಗೆ ತೊಟ್ಟು ತೊಟ್ಟಾಗಿ ಹಾಕಿ ನೋಡುವುದು. ನೀರಿನಲ್ಲಿ ಹೈಡ್ರೋಜನ್ ಇರುವಷ್ಟಕ್ಕೆ ನೀಲಿ ಮಾಯವಾಗುತ್ತದೆ. ಹೆಚ್ಚು ತೊಟ್ಟು ಮಾಯವಾದರೆ ಹೆಚ್ಚು ಗ್ಯಾಸ್. ಮೊದಲ ದಿನ ಮೂರೇ ತೊಟ್ಟು. ಕಾಕ ನನ್ನ ಮುಂದೆ ಬಾಟ್ಲಿ ಇಟ್ಟರು.

"ಅವಳಿಗೆ ಇರುವುದೇ ಮೂರು ಲೋಟ, ಟೀಚರೇ. ಆ ಮೂರರಲ್ಲೇ ಹಿಡಿಯುವಷ್ಟು ಹಿಡಿಸಬೇಕು. ಎಂಥ ಮಾಡುವುದು ಹೇಳಿ."

ನನಗೆ ಎಲ್ಲಿಲ್ಲದ ಹುರುಪು. ಇಪ್ಪತ್ತು ವರ್ಷದಲ್ಲಿ ನನ್ನ ಪಾಠವನ್ನು ಇಷ್ಟು ಆಸೆಯಿಂದ ಕೇಳಿದವರೇ ಇರಲಿಲ್ಲ. ಹೈಡ್ರೋಜನ್ನನ್ನು ನೀರು ಸೋಡಾದ ಗ್ಯಾಸಿನಷ್ಟು ಸುಲಭಕ್ಕೆ ಹಿಡಿಯುವುದಿಲ್ಲ, ನೀರು ಐಸಿನಂತಿರಬೇಕು, ಒತ್ತಡ ಬೇಕು, ಗುಳ್ಳೆ ಸಣ್ಣದಾದಷ್ಟೂ ಒಳ್ಳೆಯದು ಎಂದೆಲ್ಲ ಹೇಳಿದೆ. ಕಾಕ ಬಾಟ್ಲಿಯ ಮುಚ್ಚಳ ಬಿಗಿದು, ಸುತ್ತ ಐಸು ತುಂಬಿ, ಸೋಡಾ ಮೆಶಿನಿನ ಪೆಟ್ಟಿಗೆಯಲ್ಲೇ ಕೂರಿಸಿ ತಿರುಗಿಸಿದರು. ಐದು ತೊಟ್ಟು. ಮರುವಾರ ಏಳು. ಇಬ್ಬರೂ ಮಕ್ಕಳ ಹಾಗೆ ನೀಲಿ ಮಾಯವಾಗುವುದನ್ನು ನೋಡುತ್ತಾ ಕೂತೆವು. ಇದರಿಂದ ಕಿಡ್ನಿ ಸರಿಯಾಗುತ್ತದೆ ಎನ್ನಲು ಆಧಾರವಿಲ್ಲ ಎಂದು ನನಗೆ ಗೊತ್ತಿತ್ತು. ಅವರು ಕೇಳಿದ್ದು ಹೇಗೆ ಹಿಡಿಸುವುದು ಎಂದು ಮಾತ್ರ, ನಾನು ಉತ್ತರಿಸಿದ್ದೂ ಅಷ್ಟಕ್ಕೇ. ಅವರ ಆಸೆಗೆ ಕಲ್ಲು ಹಾಕುವುದೇಕೆ ಎಂದುಕೊಂಡೆ. ನಿಜ ಹೇಳಬೇಕೆಂದರೆ, ನನ್ನ ಗಮ್ಮತ್ತು ಕೆಡುವುದು ನನಗೇ ಬೇಡವಾಗಿತ್ತು.

ಒಂದು ಸಂಜೆ ಮಾತನಾಡಿಸಲು ಒಳಗೆ ಹೋದರೆ, ಅವರ ಹೆಂಡತಿ ಆ ನೀರನ್ನು ಸಣ್ಣ ಪಾತ್ರೆಗೆ ಹೊಯ್ದು, ಚಿಟಿಕೆ ಜೀರಿಗೆ ಹಾಕಿ, ಒಲೆಯ ಮೇಲಿಟ್ಟಿದ್ದರು. ಕಾಯಿಲೆಯವರಿಗೆ ನಮ್ಮ ಕಡೆ ಯಾರೂ ತಣ್ಣೀರು ಕೊಡುವುದಿಲ್ಲ. ಹುಟ್ಟಿದಂದಿನಿಂದ ಜೀರಿಗೆ ನೀರು ಕುಡಿದವರು ಐಸು ನೀರು ಹೇಗೆ ಕುಡಿದಾರು?

"ತಣ್ಣಗೆ ಕುಡಿದ್ರೆ ಕಫ ಆಗ್ತದೆ, ಟೀಚರೇ. ಅವರಿಗೆ ಹೇಳ್ಬೇಡಿ, ಪಾಪ ಕೈ ಬೀಳುವಷ್ಟು ತಿರುಗಿಸ್ತಾರೆ."

ಹಿಡಿಸಿದ ಗ್ಯಾಸೆಲ್ಲ ಆವಿಯ ಜೊತೆ ಅಡುಗೆಮನೆಯ ಮಾಡಿಗೆ ಹಾರಿಹೋಗುತ್ತಿತ್ತು. ನಾನು ನಕ್ಕು, ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಒಂದು ಗುರುವಾರ ಬೆಳಿಗ್ಗೆ ಒಂಬತ್ತು ತೊಟ್ಟು ಮಾಯವಾಯಿತು. ಶಾಲೆಗೆಂದು ಬಸ್ಸಿಳಿದವಳನ್ನು ಕಾಕ ಕೂಗಿ ಕರೆದು ತೋರಿಸಿದರು. ಇವಳಿಗೂ ಸುಸ್ತು, ನೀರೂ ಇಷ್ಟು ಚೆನ್ನಾಗಿ ಹಿಡಿದಿದೆ, ಇವತ್ತೊಂದು ದಿನ ಬಂಟ್ವಾಳ ಬಿಡುವ ಎಂದರು. ಗಂಟೆ ಹೊಡೆಯುವುದರೊಳಗೆ ನಾನು ಶಾಲೆಯಲ್ಲಿರಬೇಕಿತ್ತು. ಡಾಕ್ಟರಿಗೊಂದು ಫೋನು ಮಾಡಿ ಕೇಳಿ ಎಂದು ಹೇಳಿ ಓಡಿದೆ. ಅವರು ಮಾಡಲಿಲ್ಲ. ಶನಿವಾರ ನಸುಕಿಗೆ ಆಕೆಗೆ ಉಸಿರು ಕಟ್ಟಿತು. ಬಂಟ್ವಾಳ ಮುಟ್ಟುವ ಮೊದಲೇ ಕಾರಿನಲ್ಲಿ ಹೋಗಿಬಿಟ್ಟರು. ಡಯಾಲಿಸಿಸ್ ತಪ್ಪಿ ಮೈಯಲ್ಲಿ ನೀರು ತುಂಬಿತ್ತಂತೆ.

ಮೂರನೆಯ ದಿನ ಹೋದೆ. ಕಾಕ ಜಗಲಿಯಲ್ಲಿ ಗೋಡೆಗೊರಗಿ ಕೂತಿದ್ದರು. ಬಂದವರೆಲ್ಲ ಎದ್ದ ಮೇಲೆ, ಇನ್ನೂ ಎರಡು ತೊಟ್ಟು ಹಿಡಿಸಿದ್ದರೆ ಆಕೆ ಉಳಿಯುತ್ತಿದ್ದಳೇ ಎಂದು ಕೇಳಿದರು. ಒಲೆಯ ವಿಷಯ ನಾಲಿಗೆಯ ತುದಿಗೆ ಬಂತು. ಹೇಳಿದರೆ ಸತ್ತವರ ಮೇಲೆ ತಪ್ಪು ಹೊರಿಸಿದಂತೆ.

"ಇಲ್ಲ ಕಾಕ. ಎಷ್ಟು ಹಿಡಿಸಿದ್ರೂ ಇಲ್ಲ. ಅದು ಕಿಡ್ನಿಗೆ ಮದ್ದಲ್ಲ."

"ನಿಮಗೆ ಮೊದಲೇ ಗೊತ್ತಿತ್ತಾ?"

ಸುಳ್ಳು ಹೇಳಬಹುದಿತ್ತು. ಗೊತ್ತಿತ್ತು ಎಂದೆ.

ಅವರು ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಬಸ್ಸಿನಲ್ಲಿ ಕೂತು ಅತ್ತು ಹಗುರಾಗುತ್ತಿದ್ದೆನೇನೋ. ಮಕ್ಕಳಿಗೆ ಹೇಳುವಷ್ಟೇ ಮೆತ್ತಗೆ ಹೇಳಿದರು: "ಇದನ್ನು ಗುರುವಾರ ಹೇಳಿದ್ರೆ ಕರ್ಕೊಂಡು ಹೋಗ್ತಿದ್ದೆ, ಟೀಚರೇ."

ಅದಾದ ಮೇಲೆ ಕಾಕ ಅಂಗಡಿ ತೆರೆಯಲಿಲ್ಲ. ಮುಂದಿನ ರಂಜಾನಿಗೆ ಮೊದಲೇ ತೀರಿಕೊಂಡರು. ನಾನು ಈಗಲೂ ಅದೇ ಪಾಠ ಮಾಡುತ್ತೇನೆ. ಹೇಗೆ ಎಂದು ಕೇಳುವ ಮಕ್ಕಳಿಗೆ, ಅದು ಎಂಥಕ್ಕೆ ಆಗುತ್ತದೆ, ಎಂಥಕ್ಕೆ ಆಗುವುದಿಲ್ಲ ಎಂಬುದನ್ನು ಮೊದಲು ಹೇಳುತ್ತೇನೆ. ಅವರಿಗೆ ಅದು ಬೇಸರ, ಪರೀಕ್ಷೆಗೆ ಬರುವುದಿಲ್ಲವಲ್ಲ.