ಮಾವಿನ ಚೀಲದಲ್ಲಿ ಮಲ್ಲಿಗೆ ಮೊಗ್ಗು

ನಾನು ಚಿಕ್ಕವಳಿದ್ದಾಗ, ಅಂದರೆ ತೊಂಬತ್ತರ ದಶಕದ ಶುರುವಿನಲ್ಲಿ, ನಮ್ಮ ಮನೆ ಮೈಸೂರಿನ ಒಂಟಿಕೊಪ್ಪಲಿನಲ್ಲಿತ್ತು. ನಗಬೇಡಿ. ನನ್ನ ತಲೆ ಇನ್ನೂ ಅರ್ಧ ಕಪ್ಪಗಿದೆ, ನಿಜ. ಆದರೆ ನಮ್ಮಕ್ಕನಿಗೆ ಮೊಮ್ಮಕ್ಕಳಾದ ಮೇಲೆ ನಾನೂ ಅಜ್ಜಿಯೇ ತಾನೆ? ಚಿಕ್ಕಜ್ಜಿ ಎಂದು ಕರೆಯುವವರು ನೀವೇ. ಕರೆದ ತಪ್ಪಿಗೆ ಈಗ ಕೂತು ಕೇಳಿ.

ಆಗ ಅಕ್ಕನಿಗೆ ಹದಿನಾರು, ನನಗೆ ಒಂಬತ್ತು. ಅಕ್ಕ ಕುಳಿತರೆ ಅವಳ ಜಡೆ ನೆಲ ಮುಟ್ಟುತ್ತಿತ್ತು. ಆ ವರ್ಷ ಚಳಿಗಾಲದಲ್ಲಿ ಅವಳಿಗೆ ಟೈಫಾಯ್ಡ್ ಬಂದು ಬದುಕುವುದೇ ಕಷ್ಟ ಎನ್ನುವ ಹಾಗಾಯಿತು. ಮಗಳು ಎದ್ದು ಕೂತರೆ ಅವಳ ಮುಡಿ ಕೊಡಿಸುತ್ತೇನೆ ಎಂದು ಅಮ್ಮ ನಂಜನಗೂಡಿನ ದೇವರಿಗೆ ಹರಕೆ ಹೊತ್ತಳು. ಮುಡಿ ಕೊಡುವುದೆಂದರೆ ತಲೆ ಪೂರ್ತಿ ಬೋಳಿಸಿ ಕೂದಲನ್ನು ದೇವರಿಗೆ ಒಪ್ಪಿಸುವುದು. ಅಕ್ಕ ಎದ್ದು ಕೂತಳು. ಬೇಸಿಗೆ ರಜದಲ್ಲಿ ಒಂದು ಸೋಮವಾರ ಎಲ್ಲರೂ ನಂಜನಗೂಡಿಗೆ ಹೊರಡುವುದೆಂದು ನಿಶ್ಚಯವಾಯಿತು. ಅಕ್ಕ ಅಳಲಿಲ್ಲ, ಹಟ ಮಾಡಲಿಲ್ಲ. ಅಪ್ಪನ ಹತ್ತಿರ ಒಂದೇ ಒಂದು ಮಾತು ಕೇಳಿಕೊಂಡಳು.

"ಅದಕ್ಕೆ ಮುಂಚೆ ಒಂದ್ಸಲ ಮೊಗ್ಗಿನ ಜಡೆ ಹಾಕ್ಸಿ ಫೋಟೊ ತೆಗ್ಸಪ್ಪ."

ಮೊಗ್ಗಿನ ಜಡೆ ನೀವು ನೋಡಿಲ್ಲ. ಬೇಸಿಗೆಯಲ್ಲಿ ದುಂಡುಮಲ್ಲಿಗೆ ಬಂದಾಗ, ಅರಳದ ಮೊಗ್ಗುಗಳನ್ನು ಒಂದೊಂದಾಗಿ ಸೂಜಿಯಲ್ಲಿ ಪೋಣಿಸಿ ಇಡೀ ಜಡೆಗೆ ಹೊದಿಸುತ್ತಿದ್ದರು. ನಮ್ಮ ಬೀದಿಯ ಹುಡುಗಿಯರಿಗೆಲ್ಲ ಆಗಿತ್ತು. ಅಕ್ಕನ ಉದ್ದ ಜಡೆಗೆ ಎರಡು ಸೇರು ಮೊಗ್ಗು ಬೇಕೆಂದು ಅಮ್ಮ ಪ್ರತಿ ವರ್ಷ ಮುಂದಕ್ಕೆ ಹಾಕಿದ್ದಳು. ಈಗ ಮುಂದಿನ ವರ್ಷ ಎನ್ನುವುದೇ ಇರಲಿಲ್ಲ. ಉಳಿದಿದ್ದು ಹಿಂದಿನ ಭಾನುವಾರ ಒಂದೇ ದಿನ. ಬೆಳಗ್ಗೆ ಮೊಗ್ಗು ತರಬೇಕು, ಎರಡು ಗಂಟೆಗೆ ಎದುರು ಮನೆಯ ಅಜ್ಜಿ ಬಂದು ಕಟ್ಟಬೇಕು, ಆರಕ್ಕೆ ಸ್ಟುಡಿಯೊ ಮುಚ್ಚುವುದರೊಳಗೆ ಫೋಟೊ ಆಗಬೇಕು. ಸಂಜೆಯಾದರೆ ಮೊಗ್ಗು ಯಾರ ಮಾತೂ ಕೇಳುವುದಿಲ್ಲ, ಅರಳಿಬಿಡುತ್ತದೆ.

ಅಪ್ಪನ ಸ್ಕೂಟರಿನಲ್ಲಿ ನಾನೂ ಹೊರಟೆ. ಮೊಗ್ಗು ಹಿಡಿದುಕೊಳ್ಳುವ ಕೆಲಸ ನನ್ನದು ಎಂದು ನಾನೇ ಜಗಳವಾಡಿ ಪಡೆದಿದ್ದೆ. ಮಾರ್ಕೆಟ್ಟಿನ ಹೊರಗೋಡೆಯ ಉದ್ದಕ್ಕೂ, ಮೊದಲ ಬಸ್ಸಿಗೆ ಬಂದ ಹಳ್ಳಿಯವರು ಗೋಣಿಚೀಲ ಹಾಸಿಕೊಂಡು ಕುಳಿತಿದ್ದರು. ಸೀಳಿದ ಹಲಸಿನ ಹಣ್ಣಿನ ವಾಸನೆ ಮೂಗಿಗೆ ಅಡರುತ್ತಿತ್ತು. ಅದರ ಪಕ್ಕದಲ್ಲಿ ಕರ್ಬೂಜ, ಇಬ್ಬನಿ ಆರದ ದಂಟಿನ ಸೊಪ್ಪು, ತಿಳಿ ಹಸಿರಿನ ಈರನಗೆರೆ ಬದನೆ, ಸಿಪ್ಪೆ ಕಪ್ಪಾದಷ್ಟೂ ರುಚಿಯಾಗುವ ರಸಬಾಳೆ. ಹೂವಿನ ಹೆಂಗಸು ತುದಿಯಲ್ಲಿ ಕುಳಿತಿದ್ದಳು. ಅಮ್ಮ ಹೇಳಿಕೊಟ್ಟಂತೆ ನಾನು ಒಂದೊಂದು ಹಿಡಿ ಅಂಗೈಗೆ ಸುರಿದುಕೊಂಡು, ಗಟ್ಟಿಯಾಗಿ ಬಾಯಿ ಮುಚ್ಚಿದ್ದನ್ನೇ ಆರಿಸಿದೆ. ಅವಳು ಬೇಸರವಿಲ್ಲದೆ ಎರಡು ಸೇರು ಅಳೆದು, ಒದ್ದೆ ಬಾಳೆಯೆಲೆಯಲ್ಲಿ ಸುತ್ತಿ, ನನ್ನ ಕೈಗೇ ಕೊಟ್ಟಳು.

"ನೆಳ್ಳಲ್ಲಿ ಮಡಗವ್ವ. ಹಣ್ಣಿನ್ ತಾವ ಮಾತ್ರ ಇಕ್ಬೇಡ. ಹಣ್ಣಿನ್ ಕಾವಿಗೆ ಮೊಗ್ಗು ಬಾಯ್ ಬುಟ್ಬುಡ್ತದೆ."

ಹೂಂ ಎಂದೆ. ಕಿವಿಯಲ್ಲಿ ಕೇಳಿದೆ ಅಷ್ಟೆ, ತಲೆಗೆ ಹೋಗಲಿಲ್ಲ.

ಅಲ್ಲಿಂದ ನೇರ ಮನೆಗೆ ಬಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಅಪ್ಪನಿಗೆ ಮಾವಿನ ಹಣ್ಣು ಕಂಡರೆ ಕಾಲು ಮುಂದೆ ಹೋಗುತ್ತಿರಲಿಲ್ಲ. ಒಬ್ಬ ರೈತ ತನ್ನ ತೋಟದ ರಸಪುರಿಯನ್ನು ಒಣಹುಲ್ಲಿನಲ್ಲಿ ಅಡೆ ಹಾಕಿ ಹಣ್ಣು ಮಾಡಿ, ಹುಲ್ಲಿನ ಸಮೇತ ತಂದಿದ್ದ. ಕೈಯಿಟ್ಟರೆ ಜ್ವರ ಬಂದವರ ಹಣೆಯ ಹಾಗೆ ಬೆಚ್ಚಗಿತ್ತು. ಅಪ್ಪ ಮೂಸಿ ಮೂಸಿ ಆರಿಸಿ, ಒಂದಿಷ್ಟು ಹುಲ್ಲಿನ ಜೊತೆಗೇ ಚೀಲ ತುಂಬಿಸಿದ. ರೈತ ನನಗೊಂದು ಹಣ್ಣು ಕೊಟ್ಟ. ರಸಪುರಿ ಒಂದೇ ಕೈಯಲ್ಲಿ ತಿನ್ನುವ ಹಣ್ಣಲ್ಲ. ಎರಡೂ ಕೈಯಲ್ಲಿ ಹಿಸುಕಿ, ತೊಟ್ಟು ಕಿತ್ತು, ಚೀಪಬೇಕು. ಒಂದೇ ನಿಮಿಷ ಅಂದುಕೊಂಡು ಮೊಗ್ಗಿನ ಪೊಟ್ಟಣವನ್ನು ಚೀಲದೊಳಗೆ, ಹುಲ್ಲಿನ ಮೆತ್ತೆಯ ಮೇಲೆ ಇಟ್ಟೆ. ಹಣ್ಣು ಮುಗಿಯಿತು, ಚೀಪಿ ಚೀಪಿ ಒಳಗಿನ ಓಟೆಯೂ ಬೆಳ್ಳಗಾಯಿತು, ಪೊಟ್ಟಣ ಮರೆತೇಹೋಯಿತು. ಅಪ್ಪ ಬದನೆಕಾಯಿ ಆರಿಸಿ ಮುಗಿಸುವವರೆಗೆ ಆ ಚೀಲ ಸ್ಕೂಟರಿಗೆ ನೇತುಬಿದ್ದು ಬಿಸಿಲಿನಲ್ಲಿತ್ತು.

ಮನೆಗೆ ಬಂದು ಕಾಲು ತೊಳೆಯುವಾಗ ನೆನಪಾಯಿತು. ಓಡಿಹೋಗಿ ಪೊಟ್ಟಣ ಬಿಚ್ಚಿದೆ. ಮೇಲಿನ ಮೊಗ್ಗುಗಳು ಆಗಲೇ ತುಟಿ ಬಿಚ್ಚಿದ್ದವು. ತಕ್ಷಣ ಹೇಳಬೇಕಿತ್ತು, ಹೇಳಲಿಲ್ಲ. ನನ್ನ ಬುದ್ಧಿವಂತಿಕೆ ನೋಡಿ: ನೀರು ಚಿಮುಕಿಸಿ, ಸ್ಟೀಲಿನ ಡಬ್ಬಿಗೆ ಸುರಿದು, ಬಿಗಿಯಾಗಿ ಮುಚ್ಚಳ ಹಾಕಿದೆ. ಕಣ್ಣಿಗೆ ಕಾಣದಿದ್ದರೆ ಅರಳುವುದಿಲ್ಲ ಅಂದುಕೊಂಡಿದ್ದೆನೋ ಏನೋ. ಅಕ್ಕ ತಲೆಗೆ ಸ್ನಾನ ಮಾಡಿ, ಕೂದಲು ಹರಡಿಕೊಂಡು, ಬಾಗಿಲಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಕುಳಿತಿದ್ದಳು. ನಾನು ಅವಳ ಕಡೆ ನೋಡಲಿಲ್ಲ.

ಎರಡು ಗಂಟೆಗೆ ಎದುರು ಮನೆಯ ಅಜ್ಜಿ ಸೂಜಿ, ದಾರ, ಬಾಳೆನಾರು ಹಿಡಿದು ಬಂದರು. ಅಮ್ಮ ಡಬ್ಬಿಯ ಮುಚ್ಚಳ ತೆಗೆದಳು. ಮನೆಯೆಲ್ಲ ಘಮ್ಮೆಂದಿತು. ಅರ್ಧಕ್ಕರ್ಧ ಅರಳಿಹೋಗಿತ್ತು.

ಅಪ್ಪನಿಗೆ ಸಿಟ್ಟು ನೆತ್ತಿಗೇರಿತು. ಆ ಹೆಂಗಸು ಹಳೆ ಮೊಗ್ಗು ಕೊಟ್ಟು ಟೋಪಿ ಹಾಕಿದಳು, ಈಗಲೇ ಹೋಗಿ ಮುಖಕ್ಕೆ ಎಸೆದು ಬರುತ್ತೇನೆ ಎಂದು ಚಪ್ಪಲಿ ಮೆಟ್ಟಿದ. ಸುಮ್ಮನಿದ್ದರೆ ನಾನು ಬಚಾವು. ಆದರೆ ಆಕೆ ನನ್ನನ್ನು ಅವ್ವ ಎಂದು ಕರೆದು ಎಚ್ಚರಿಸಿದ್ದಳಲ್ಲ.

"ಅವ್ರಲ್ಲಪ್ಪ. ನಾನೇ ಮಾವಿನಣ್ಣಿನ ಚೀಲದಲ್ಲಿ ಇಟ್ಬುಟ್ಟೆ," ಎಂದೆ.

ಅಮ್ಮನ ಕೈ ಮೇಲೆದ್ದಿತು. ಅಕ್ಕ ಕುಳಿತಲ್ಲಿಂದಲೇ, "ಹೊಡೀಬೇಡಮ್ಮ, ಟೈಮ್ ಆಗ್ತದೆ," ಎಂದಳು. ಆ ಪೆಟ್ಟು ಬಿದ್ದಿದ್ದರೇ ಚೆನ್ನಾಗಿತ್ತು.

ಅಪ್ಪ ಮತ್ತೆ ಮಾರ್ಕೆಟ್ಟಿಗೆ ಓಡಿದ. ಅಮ್ಮನೂ ನಾನೂ ಒದ್ದೆ ಬಟ್ಟೆಯ ಮೇಲೆ ಮೊಗ್ಗು ಹರವಿ, ಮುಚ್ಚಿದ್ದು ಒಂದು ಕಡೆ, ಅರಳಿದ್ದು ಒಂದು ಕಡೆ ಬೇರೆ ಮಾಡಿದೆವು. ಅಜ್ಜಿ ನೆತ್ತಿಯಿಂದ ಶುರು ಮಾಡಿದರು. ನಾನು ಕೊಟ್ಟ ಮೊಗ್ಗು ಸೂಜಿಗೆ ಏರುವುದರೊಳಗೆ ಬಾಯಿ ಬಿಡುತ್ತಿತ್ತು. ಅಜ್ಜಿ ಅದನ್ನು ಪಕ್ಕಕ್ಕೆ ಎಸೆದು ಇನ್ನೊಂದಕ್ಕೆ ಕೈ ಚಾಚುತ್ತಿದ್ದರು. ನಾಲ್ಕಾಯಿತು. ಅಪ್ಪ ಬರಿಗೈಯಲ್ಲಿ ಬಂದು ಬಾಗಿಲಲ್ಲಿ ನಿಂತ. ಹಳ್ಳಿಯವರು ಆಗಲೇ ಬಸ್ಸು ಹತ್ತಿ ಹೋಗಿದ್ದರಂತೆ. ಜಡೆ ಸೊಂಟಕ್ಕೆ ಬರುವಷ್ಟರಲ್ಲಿ ಮೊಗ್ಗು ಮುಗಿದವು. ಐದೂಕಾಲು. ಅಕ್ಕ ತಿರುಗಿ ನೋಡದೆ, "ಅರಳಿರೋದನ್ನೇ ಹಾಕ್ಬುಡಿ ಅಜ್ಜಿ," ಎಂದಳು.

ಸ್ಟುಡಿಯೊದವನು ಬಾಗಿಲು ಅರ್ಧ ಎಳೆದಿದ್ದ. ಕನ್ನಡಿಯ ಮುಂದೆ ಅಕ್ಕನನ್ನು ನಿಲ್ಲಿಸಿ, ಬೆನ್ನಿನ ಜಡೆಯೂ ಕನ್ನಡಿಯಲ್ಲಿ ಮುಖವೂ ಕಾಣುವ ಹಾಗೆ ಒಂದೇ ಒಂದು ಫೋಟೊ ತೆಗೆದ. ಮೇಲರ್ಧ ಮೊಗ್ಗು, ಕೆಳಗರ್ಧ ಹೂವು. ಮರುದಿನ ನಂಜನಗೂಡಿನಲ್ಲಿ ಆ ಕೂದಲು ಹೋಯಿತು. ನಾನು ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತೆ, ಮೊಗ್ಗು ಹಾಳು ಮಾಡಿದೆನಲ್ಲ ಎಂದು.

ಈಗ ನಿಮಗೆ ಮಾವು ಬೇಕೆಂದರೆ ಫೋನು ಒತ್ತಿದರೆ ಬಾಗಿಲಿಗೆ ಬರುತ್ತದೆ. ಮೊಗ್ಗಿನ ಜಡೆಯೂ ಡಬ್ಬಿಯಲ್ಲಿ ರೆಡಿಮೇಡ್ ಸಿಗುತ್ತದೆ. ಒಂದು ಮಧ್ಯಾಹ್ನಕ್ಕೆ ನೂರು ಫೋಟೊ ತೆಗೆದು ತೊಂಬತ್ತು ಅಳಿಸುತ್ತೀರಿ. ಹೋದ ವಾರ ಅಕ್ಕನ ದೊಡ್ಡ ಮೊಮ್ಮಗಳು ಪಾರ್ಲರಿನ ಕುರ್ಚಿಯಲ್ಲಿ ಕುಳಿತು, ಎಷ್ಟು ಕತ್ತರಿಸಬೇಕೆಂದು ತಾನೇ ಬೆರಳಿಟ್ಟು ತೋರಿಸಿ ಬಂದಳು. ಅಂದು ಸಂಜೆ ಆ ಹಳೆಯ ಫೋಟೊ ನೋಡಿ, ನನ್ನಿಂದ ಈ ಕಥೆಯನ್ನೆಲ್ಲ ಕೇಳಿಸಿಕೊಂಡು, "ಅಜ್ಜಿಗೆ ಕೂದ್ಲು ಕೊಡೋಕೆ ಇಷ್ಟ ಇತ್ತಾ ಅಂತ ಯಾರೂ ಕೇಳ್ಲಿಲ್ವಾ?" ಎಂದಳು.

ಆ ದಿನ ಮನೆಯವರೆಲ್ಲ ಮೊಗ್ಗಿಗಾಗಿ ಓಡಿದ್ದೆವು, ಬೈದಾಡಿದ್ದೆವು, ಅತ್ತಿದ್ದೆವು. ಈ ಒಂದು ಪ್ರಶ್ನೆ ಅಪ್ಪನಿಗಾಗಲಿ ಅಮ್ಮನಿಗಾಗಲಿ ನನಗಾಗಲಿ ಹೊಳೆದಿರಲೇ ಇಲ್ಲ. ಅಕ್ಕ ಪಕ್ಕದಲ್ಲೇ ಕುಳಿತು ಬದನೆಕಾಯಿ ಹೆಚ್ಚುತ್ತಿದ್ದಳು. ತಲೆ ಎತ್ತಲಿಲ್ಲ.

"ಕೇಳಿದ್ರೆ ಬೇಡ ಅಂತಿದ್ದೆ ಕಣಮ್ಮ," ಎಂದಳು.