ಕತ್ತರಿಸದ ಹಾಸು

"ಕರ್ತನ ಕರೆ ಕೇಳಿದ ಕೂಡಲೇ ಆ ನೇಕಾರನು ಕೈಯಲ್ಲಿದ್ದ ಲಾಳಿಯನ್ನು ಅಲ್ಲೇ ಬಿಟ್ಟು ಎದ್ದನು. ಅವಿಶ್ವಾಸಿಯಾದ ಹೆಂಡತಿ ಕೋಪದಿಂದ ಮಗ್ಗದ ಹಾಸನ್ನು ಕತ್ತರಿಸಿ ಬೀದಿಗೆ ಎಸೆದಳು. ಆತನು ಹಿಂದಿರುಗಿ ನೋಡಲಿಲ್ಲ."

ಚಳ್ಳಕೆರೆಯಲ್ಲಿ ಎಣ್ಣೆ ಗಿರಣಿಗಳ ಹಿಂದಿನ ಬೀದಿಯ ನಮ್ಮ ಪ್ರಾರ್ಥನಾ ಮಂದಿರದ ವಾರ್ಷಿಕ ಪುಸ್ತಿಕೆಯಲ್ಲಿ ಈ ಮೂರು ವಾಕ್ಯಗಳಿವೆ. ಆ ನೇಕಾರ ನಾನೇ. ಮೊದಲ ವಾಕ್ಯ ಮುಕ್ಕಾಲು ನಿಜ. ಎರಡನೆಯದು ಪೂರ್ತಿ ಸುಳ್ಳು. ಮೂರನೆಯದನ್ನು ಹತ್ತೊಂಬತ್ತನೆಯ ದಿನ ಹಸಿದು ಮನೆಗೆ ಬಂದವನ ಬಗ್ಗೆ ಯಾರೂ ಬರೆಯಬಾರದು. ಪುಸ್ತಿಕೆಯನ್ನು ಮತ್ತೆ ಅಚ್ಚು ಹಾಕಿಸುತ್ತಾರಂತೆ. ತಿದ್ದಿ ಎಂದರೆ ತಿದ್ದಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಹೆಂಡತಿ ಈಗಿಲ್ಲ. ಅವಳ ಹೆಸರಿನ ಮೇಲೆ ಕೂತ ಕತ್ತರಿಯನ್ನು ತೆಗೆಯಬೇಕಾದವನು ನಾನೊಬ್ಬನೇ, ಏಕೆಂದರೆ ಅದನ್ನು ಅವಳ ಕೈಗೆ ಕೊಟ್ಟವನೂ ನಾನೇ.

ನಮ್ಮೂರು ಮೊಳಕಾಲ್ಮೂರಿನ ರೇಷ್ಮೆ ಸೀರೆಯನ್ನು ನೇಯ್ದವರಿಗೆ ವಿವರಿಸಬೇಕಿಲ್ಲ, ಉಟ್ಟವರಿಗಷ್ಟೇ ಹೇಳುತ್ತೇನೆ. ಸೀರೆಯ ಒಡಲು ಒಂದು ಬಣ್ಣ, ಅಂಚು ಇನ್ನೊಂದು. ಎರಡು ಬಣ್ಣಗಳು ಒಂದರೊಳಗೊಂದು ನುಗ್ಗದಂತೆ ಕೂಡಿಸಬೇಕಾದರೆ ಮೂರು ಲಾಳಿ ಬೇಕು. ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲಿಳಿಸಿ ಕೂತವನ ಕೈಯಲ್ಲಿ ಎರಡು. ಮೂರನೆಯದನ್ನು ಆಚೆಯ ಅಂಚಿನಲ್ಲಿ ಕೂತವರು ಕೊಡಬೇಕು. ನಮ್ಮ ಮನೆಯಲ್ಲಿ ಆಚೆ ಕೂತವಳು ನನ್ನ ಹೆಂಡತಿ. ಒಬ್ಬರು ಎದ್ದರೆ ಇನ್ನೊಬ್ಬರು ಕೂತೂ ಪ್ರಯೋಜನವಿಲ್ಲ. ಹಾಸೆಂದರೆ ಉದ್ದಕ್ಕೆ ಬಿಗಿದ ಸಾವಿರಾರು ಎಳೆ. ಅದನ್ನು ನಡುವೆ ಕತ್ತರಿಸುವುದು ನಮ್ಮ ಬೀದಿಯಲ್ಲಿ ಉಣ್ಣುವ ತಟ್ಟೆಗೆ ಕಾಲು ಹಾಕಿದಂತೆ. ಕುಡಿದು ಬಂದವನೂ ಹಾಗೆ ಮಾಡಿದ್ದನ್ನು ನಾನು ಕಂಡಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ನಾನು ಓದಿದ್ದು ನಾಲ್ಕನೆಯ ಇಯತ್ತೆ. ಉಳಿದದ್ದನ್ನು ನೂಲಿನ ಉಂಡೆಗೆ ಸುತ್ತಿ ಬರುತ್ತಿದ್ದ ಹಳೆಯ ಪತ್ರಿಕೆಗಳಲ್ಲೂ ಊರಿನ ಗ್ರಂಥಾಲಯದಲ್ಲೂ ಕಲಿತವನು. ಚಳ್ಳಕೆರೆಯ ಪಾಸ್ಟರು ಒಂದು ವರ್ಷದಿಂದ ನಮ್ಮ ಮನೆಗೆ ಬರುತ್ತಿದ್ದರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಅವರ ಮಾತಿನಿಂದ ನನ್ನೊಳಗೆ ಏನೋ ಅಲುಗಾಡಿದ್ದು ನಿಜ, ಅದನ್ನು ಇಂದಿಗೂ ಅಲ್ಲಗಳೆಯುವುದಿಲ್ಲ. ಆ ದಿನ ಬೆಳಿಗ್ಗೆ ಅವರು ಬಾಗಿಲಲ್ಲೇ ನಿಂತು ಕೇಳಿದರು.

"ಬ್ರದರ್, ಬಸ್ಸಿಗೆ ಹೊರಟಿದ್ದೀನಿ. ಬರ್ತೀರಾ, ಇಲ್ಲ ಮಗ್ಗಕ್ಕೇ ಕಟ್ಟಿ ಹಾಕ್ಕೊಂಡು ಕೂರ್ತೀರಾ?"

ನನಗಿಂತ ಮೊದಲು ಹೆಂಡತಿ ಉತ್ತರಿಸಿದಳು. "ಬರ್ತಾರೆ ಬಿಡ್ರಿ. ಇನ್ನರ್ಧ ಸೀರೆ ಐತೆ, ಮುಗಿಸ್ಕೊಂಡು ಬರ್ತಾರೆ. ನಾಯಕನಹಟ್ಟಿ ಹುಡುಗಿ ಮದುವೆಗೆ ಇದೇ ಸೀರೆ ಅಂತ ಮಾತು ಕೊಟ್ಟೀವಿ."

ನಾನು ಲಾಳಿ ಕೆಳಗಿಟ್ಟು ಎದ್ದೆ. ಅವಳು ತನ್ನ ಲಾಳಿಯನ್ನು ಕೈಯಲ್ಲೇ ಹಿಡಿದಿದ್ದಳು.

"ನಾನೇನು ಹೋಗಬ್ಯಾಡ ಅಂದೆನಾ? ಆರು ದಿನದ ಕೆಲಸ. ಮುಗಿಸಿ ಹೋಗ್ರಿ ಅಂದೆ. ಅಷ್ಟು ದಿನ ಕಾಯಾಕಿಲ್ವಾ ನಿಮ್ಮ ದೇವರು?"

ಅವಳ ವಿರೋಧ ಎಂದರೆ ಇಷ್ಟೇ. ಇದರಾಚೆ ಒಂದು ಮಾತನ್ನೂ ಅವಳು ಆಡಲಿಲ್ಲ.

ಬಲೆಯನ್ನು ಬಿಟ್ಟು ಗುರುವಿನ ಹಿಂದೆ ನಡೆದ ಬೆಸ್ತರ ಪ್ರಸಂಗವನ್ನು ನಮ್ಮಲ್ಲಿ ಪದೇಪದೇ ಹೇಳುತ್ತಾರೆ. ಅದನ್ನು ಎಷ್ಟು ಸಲ ಓದಿದರೂ ನನ್ನ ಕಣ್ಣು ಈಗ ಒಂದೇ ಕಡೆ ನಿಲ್ಲುತ್ತದೆ. ಅವರಲ್ಲಿ ಇಬ್ಬರು ದೋಣಿಯಲ್ಲಿ ಬಿಟ್ಟುಹೋದ ತಂದೆಯ ಜೊತೆ ಕೂಲಿಯಾಳುಗಳಿದ್ದರು. ನನ್ನ ಹೆಂಡತಿಯ ಜೊತೆ ಯಾರಿದ್ದರು? ಈ ಪ್ರಶ್ನೆಯನ್ನು ಪಾಸ್ಟರಿಗೆ ಒಮ್ಮೆ ಕೇಳಿದ್ದೇನೆ. "ಅಕ್ಷರ ಹಿಡ್ಕೊಂಡು ಜಗ್ಗಬೇಡಿ ಬ್ರದರ್" ಎಂದರು. ಎಳೆ ಹಿಡಿದು ಜಗ್ಗುವುದೇ ನನ್ನ ಕಸುಬು, ಬೇರೇನು ಮಾಡಲಿ?

ಚಳ್ಳಕೆರೆಯಲ್ಲಿ ಮೂರು ದಿನದ ಕೂಟ. ಕೊನೆಯ ದಿನ ಹೊಸಬರು ಎದ್ದುನಿಂತು ತಾವು ನಂಬಿಕೆಗೆ ಬಂದ ಬಗೆಯ ಸಾಕ್ಷಿ ಹೇಳುವ ಪದ್ಧತಿ. ನನಗಿಂತ ಮೊದಲು ನಿಂತವನೊಬ್ಬನಿಗೆ ಅಣ್ಣತಮ್ಮಂದಿರು ಹೊಡೆದಿದ್ದರಂತೆ. ಸಭೆ ಅವನಿಗಾಗಿ ಅತ್ತಿತು. ನನ್ನ ಸರದಿ ಬಂದಾಗ ಹೇಳುವುದಕ್ಕೆ ನನ್ನಲ್ಲಿ ಒಂದು ಗಾಯವೂ ಇರಲಿಲ್ಲ. "ಮನೆಯಲ್ಲಿ ವಿರೋಧ ಇತ್ತಾ?" ಎಂದು ಪಾಸ್ಟರು ಕೇಳಿದರು. "ಇತ್ತು. ಬಹಳ ಸಿಟ್ಟು ಮಾಡಿದಳು" ಎಂದೆ. ಸಭೆ ನಿಟ್ಟುಸಿರು ಬಿಟ್ಟಿತು. ಆ ನಿಟ್ಟುಸಿರು ನನಗೆ ಹಿತವಾಗಿತ್ತು. ಆಮೇಲೆ ದೊಡ್ಡಉಳ್ಳಾರ್ತಿಯ ಕಡೆಯ ಹಳ್ಳಿಗಳಲ್ಲಿ ಕರಪತ್ರ ಹಂಚುತ್ತಾ ಹದಿನಾರು ದಿನ ತಿರುಗಿದೆ.

ಮನೆಗೆ ಬಂದಾಗ ಮಗ್ಗ ಬರಿದಾಗಿರಬಹುದೆಂದುಕೊಂಡಿದ್ದೆ. ನನ್ನ ಜಾಗದಲ್ಲಿ, ಕುಣಿಯೊಳಗೆ, ಹೆಂಡತಿ ಕೂತಿದ್ದಳು. ಆಚೆಯ ಅಂಚಿನಲ್ಲಿ ಪಕ್ಕದ ಮನೆಯ ವಿಧವೆ, ಆಂಧ್ರದ ಕಡೆಯ ಮುದುಕಿ, ಮೂರನೆಯ ಲಾಳಿ ಹಿಡಿದಿದ್ದಳು. ಆಗ ನಮ್ಮ ಬೀದಿಯಲ್ಲಿ ಹೆಂಗಸರು ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತುತ್ತಿದ್ದರು, ಅಂಚಿಗೆ ಕೂರುತ್ತಿದ್ದರು, ಕುಣಿಗೆ ಇಳಿಯುತ್ತಿರಲಿಲ್ಲ. ಇಳಿದವಳ ಗಂಡ ಸತ್ತಿರಬೇಕು, ಇಲ್ಲವೇ ಕೈಲಾಗದವನಿರಬೇಕು ಎಂಬ ಲೆಕ್ಕ. ಆ ಹತ್ತೊಂಬತ್ತು ದಿನ ಬೀದಿ ಅವಳನ್ನು ಆಡಿಕೊಂಡಿತ್ತು.

"ವಚ್ಚಿನಾವಾ ನಾಯ್ನಾ?" ಎಂದಳು ಮುದುಕಿ. ಬಂದೆಯೇನಪ್ಪಾ ಎಂದು. "ಊಟಕ್ಕೆ ಬಿಟ್ಟನೇನು ನಿನ್ನ ದೇವರು?"

"ಸುಮ್ಕಿರಜ್ಜಿ" ಎಂದು ಹೆಂಡತಿ ಎದ್ದಳು. ಸೀರೆಯನ್ನು ಅವರಿಬ್ಬರೇ ಮುಗಿಸಿ, ಮದುವೆಗೆ ಮುಂಚೆ ನಾಯಕನಹಟ್ಟಿಯ ಆ ಮನೆಗೆ ಮುಟ್ಟಿಸಿದ್ದರು. ಹಾಸಿನಲ್ಲಿ ಉಳಿದಿದ್ದ ಎಳೆಯ ಮೇಲೆ ಮುಂದಿನ ಸೀರೆ ಆಗಲೇ ಗೇಣುದ್ದ ಬಂದಿತ್ತು. ಅವಳು ನನ್ನನ್ನು ಕೇಳಿದ್ದು, "ಕೈಕಾಲು ತೊಳ್ಕೊಳ್ರಿ, ರೊಟ್ಟಿ ಐತೆ, ಸಾರು ಬಿಸಿ ಮಾಡ್ಲಾ?"

ಇಲ್ಲಿ ನಿಂತು ನನ್ನ ಸಾಕ್ಷಿಯನ್ನು ತಿದ್ದಿಕೊಳ್ಳಬಹುದಿತ್ತು. ತಿದ್ದಲಿಲ್ಲ. ಮರುವರ್ಷದ ಕೂಟದಲ್ಲಿ ಪಾಸ್ಟರು ನನ್ನ ಪರವಾಗಿ ತಾವೇ ಹೇಳಿದರು. "ಸಿಟ್ಟು ಮಾಡಿದಳು" ಎಂಬುದು "ಅಡ್ಡ ನಿಂತಳು" ಎಂದಾಯಿತು. ಅದರಾಚೆಯ ವರ್ಷ ಕತ್ತರಿ ಬಂತು. ಯಾರ ಬಾಯಿಂದ ಮೊದಲು ಬಂತೋ ಗೊತ್ತಿಲ್ಲ. ನಾನು ಮುಂದಿನ ಸಾಲಿನಲ್ಲಿ ಕೂತು ಎಲ್ಲರ ಜೊತೆ ಆಮೆನ್ ಅಂದದ್ದು ಮಾತ್ರ ಗೊತ್ತು.

ಒಂದೇ ಒಂದು ಸಲ ಅವಳು ನನ್ನ ಜೊತೆ ಕೂಟಕ್ಕೆ ಬಂದಳು. ಹೆಂಗಸರ ಚಾಪೆಯ ತುದಿಯಲ್ಲಿ ಕೂತಿದ್ದಳು. ಆ ನೇಕಾರನ ಹೆಂಡತಿ ಅವಳೇ ಎಂದು ಅಲ್ಲಿದ್ದ ಬಹುಮಂದಿಗೆ ಗೊತ್ತಿರಲಿಲ್ಲ. ಹಾಸು ಕತ್ತರಿಸಿದ ಕಥೆಯನ್ನು ಅವಳು ಕೇಳಿದಳು. ಕೇಳಿ ನಾನು ಏಳುತ್ತೇನೇನೋ ಎಂದು ಇತ್ತ ನೋಡಿದಳು. ನಾನು ಪುಸ್ತಕದ ಹಾಳೆ ತಿರುವಿದೆ.

ಮೊಳಕಾಲ್ಮೂರಿನ ಬಸ್ಸು ಅರ್ಧ ದಾರಿ ಬಂದಿತ್ತು. ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು: "ಕಳ್ಳಿ ಅಂದಿದ್ರೂ ತಡ್ಕೋತಿದ್ದೆ ಕಣ್ರಿ. ಹಾಸು ಕತ್ತರಿಸಿದೋಳು ಅಂದ್ರಲ್ಲ."

ನಾನು ಕಂಡಕ್ಟರನನ್ನು ಏನೋ ಕೇಳಿದೆ.

ಮತ್ತೆಂದೂ ಅವಳು ಬರಲಿಲ್ಲ. ಮನಸ್ಸು ಕಠಿಣವಾದವಳು ಎಂದು ಸಭೆ ಅವಳಿಗಾಗಿ ಪ್ರಾರ್ಥಿಸಿತು. ಅದೇ ಕಠಿಣ ಮನಸ್ಸಿನವಳು ಪಾಸ್ಟರು ಕಾಮಾಲೆಯಿಂದ ನಮ್ಮ ಮನೆಯಲ್ಲಿ ಮಲಗಿದ್ದಾಗ ಹನ್ನೊಂದು ದಿನ ಗಂಜಿ ಕಾಯಿಸಿ, ಅವರ ಬಟ್ಟೆ ಒಗೆದಳು. ಇದು ಪುಸ್ತಿಕೆಯಲ್ಲಿಲ್ಲ.

ಹೊಸ ಶತಮಾನ ಹುಟ್ಟಿ ಕೆಲವು ವರ್ಷಗಳಾದ ಮೇಲೆ ಅವಳು ತೀರಿಕೊಂಡಳು. ತಿಂಗಳು ಕಳೆದು, ಆರಾಧನೆಯ ನಡುವೆ ನಾನು ಎದ್ದುನಿಂತೆ. "ಹಾಸು ಯಾರೂ ಕತ್ತರಿಸಲಿಲ್ಲ. ನಾನು ಸುಳ್ಳು ಹೇಳಿದೆ, ನೀವು ಅದನ್ನು ಬೆಳೆಸಿದಿರಿ" ಎಂದೆ. ಹಿಂದಿನಿಂದ ಯಾರೋ "ತಾತನಿಗೆ ದುಃಖ ತಲೆಗೇರೈತೆ, ಕೂರ್ಸ್ರಪ್ಪ" ಅಂದರು. ಪಾಸ್ಟರು ಹೊರಗೆ ಕರೆದೊಯ್ದು ಹೆಗಲ ಮೇಲೆ ಕೈಯಿಟ್ಟರು.

"ಈಗ್ಯಾಕೆ ಬ್ರದರ್? ಆ ಸಾಕ್ಷಿ ಕೇಳಿ ಎಷ್ಟು ಜನ ಬಂದಿದ್ದಾರೆ ನೋಡಿ."

"ಬಂದಿದ್ದಾರೆ. ಅವಳು ಮಾತ್ರ ಅದನ್ನ ಕೇಳಿ ಹೋದಳು."

ನಾನು ಮಂದಿರವನ್ನು ಬಿಡಲಿಲ್ಲ. ಈಗಲೂ ಹಿಂದಿನ ಚಾಪೆಯಲ್ಲಿ ಕೂರುತ್ತೇನೆ. ಕರೆ ಬಂದದ್ದು ನಿಜವೆಂದೇ ನಂಬಿದ್ದೇನೆ. ಅರ್ಧ ಸೀರೆ ಬಿಟ್ಟು ಏಳು ಎಂದು ಅದು ಹೇಳಿತ್ತೆಂಬುದಕ್ಕೆ ಮಾತ್ರ ನನ್ನ ಬಳಿ ಆಧಾರವಿಲ್ಲ. ಕೊಟ್ಟ ಮಾತನ್ನು ಉಳಿಸು, ರೋಗಿಯನ್ನು ನೋಡಿಕೋ, ಆಡಿಕೊಳ್ಳುವವರ ನಡುವೆ ಕೆಲಸ ಮಾಡು ಎಂದೂ ಅದು ಹೇಳಿದ್ದರೆ, ದೀಕ್ಷಾಸ್ನಾನವಿಲ್ಲದವಳು ಅದನ್ನು ಪಾಲಿಸಿದಳು. ಕರಪತ್ರ ಹಂಚಿದವನು ಪಾಲಿಸಲಿಲ್ಲ.

ನನ್ನ ಮಾತನ್ನೂ ನಂಬಬೇಡಿ. ಒಮ್ಮೆ ಸುಳ್ಳು ಹೇಳಿದವನು ನಾನು. ಆಚೆಯ ಅಂಚಿಗೆ ಕೂತಿದ್ದ ಮುದುಕಿಯೂ ಹೋದಳು. ಆದರೆ ಸೀರೆ ಇದೆ. ಕಳೆದ ವರ್ಷ ನಾಯಕನಹಟ್ಟಿಗೆ ಹೋಗಿ, ಅಂದಿನ ಮದುಮಗಳನ್ನು ಕಂಡೆ. ಬಸ್ ನಿಲ್ದಾಣದ ಹಿಂದಿನ ಹಿಟ್ಟಿನ ಗಿರಣಿ ಅವಳ ಮನೆಯವರದು. ಟ್ರಂಕಿನಿಂದ ತೆಗೆದು ಬಾಗಿಲ ಬೆಳಕಿನಲ್ಲಿ ಹಾಸಿದಳು. ಅರ್ಧದ ತನಕ ನನ್ನ ಕೈಯ ಬಿಗಿಯಾದ ಬಡಿತ. ಅಲ್ಲಿಂದ ಮುಂದೆ ನೇಯ್ಗೆ ಕೊಂಚ ಸಡಿಲ. ನಾಲ್ಕು ಬೆರಳಷ್ಟು ಉದ್ದಕ್ಕೆ ಅಂಚು ಒಡಲೊಳಗೆ ಸೊಟ್ಟಗೆ ಸರಿದಿದೆ, ಆಮೇಲೆ ಸೆರಗಿನವರೆಗೂ ನೆಟ್ಟಗಿದೆ. ಕತ್ತರಿಸಿದ ಹಾಸನ್ನು ಮತ್ತೆ ಕೂಡಿಸಿ ನೇಯ್ದಿದ್ದರೆ ಅಗಲಕ್ಕೆ ಒಂದೊಂದು ಎಳೆಗೂ ಗಂಟಿರಬೇಕು. ನಾನು ಬೆರಳಾಡಿಸಿ ನೋಡಿದೆ. ಇಲ್ಲ.

"ಯಾರಾದರೂ ಕೇಳಿಕೊಂಡು ಬಂದರೆ ತೋರಿಸ್ತೀಯೇನಮ್ಮ?" ಎಂದೆ.

"ತೋರಿಸ್ತೀನಿ ಬಿಡ್ರಿ. ನಾನಂತೂ ಉಡಾಕಾಗಲ್ಲ, ಮೈ ಬಂದೈತೆ" ಎಂದು ನಕ್ಕಳು. "ಬಂದೋರು ಕೈ ತೊಳ್ಕೊಂಡು ಮುಟ್ಲಿ, ಅಷ್ಟೇ."