ಶೆಟ್ಟೆವ್ವನ ಖಾರದ ಕೈ

ಮುರಗೋಡದ ಶೆಟ್ಟೆವ್ವನ ಹಿತ್ತಲಲ್ಲಿ ಇದ್ದದ್ದು ಹದಿನೆಂಟೇ ಮೆಣಸಿನ ಗಿಡ. ಬಚ್ಚಲ ನೀರು ಕುಡಿದು, ಒಲೆಯ ಬೂದಿ ತಿಂದು ಬೆಳೆದ ಆ ಗಿಡಗಳ ಕಾಯಿ ಕಚ್ಚಿದರೆ ಎಂಥ ಮೀಸೆಯ ಗಂಡಸೂ ಮೂಗು ಒರೆಸಿಕೊಳ್ಳಬೇಕಿತ್ತು. ಹಿತ್ತಲು ಬಿಟ್ಟರೆ ಅವಳ ಇನ್ನೊಂದು ಕೆಲಸ ಸೂಲಗಿತ್ತಿತನ. ಎರಡೂ ಒಂದೇ ಕೈಯಲ್ಲಿ ಆಗುವಂಥದ್ದಲ್ಲ. ಅದಕ್ಕೇ ಊರಲ್ಲಿ ಯಾರಿಗಾದರೂ ದಿನ ತುಂಬುತ್ತ ಬಂದರೆ ಅವಳು ಗಿಡ ಮುಟ್ಟುತ್ತಿರಲಿಲ್ಲ. ಹಣ್ಣು ಒಣಗಿ ಉದುರಿದರೂ ಸರಿಯೇ. ಈ ವಿಷಯದಲ್ಲಿ ಭಾರಿ ಹಟಮಾರಿ.

ಎಪ್ಪತ್ತನಾಲ್ಕರ ಮಾಘ ಮಾಸದಲ್ಲಿ ಊರಿನ ಯಾವ ಬಸುರಿಗೂ ದಿನ ತುಂಬಿರಲಿಲ್ಲ. ಚೊಚ್ಚಲ ಹೆರಿಗೆಗೆ ಬಂದಿದ್ದ ಮಗಳು ಕೃಷ್ಣವ್ವ, ತನಗಿನ್ನೂ ತಿಂಗಳಿದೆ ಎಂದಿದ್ದಳು. ಊರವರನ್ನು ನೂರು ಸಲ ಕೇಳಿ ಲೆಕ್ಕ ಹಾಕುವವಳು ಮಗಳ ಮಾತನ್ನು ಹಾಗೇ ನಂಬಿಬಿಟ್ಟಳು. ಬೆಳಗಿನಿಂದ ಪಡಸಾಲೆಯಲ್ಲಿ ಕೂತು ಒಣ ಹಣ್ಣು ಒಡೆದು ಬೀಜ ಬಿಡಿಸಿದಳು. ಮಧ್ಯಾಹ್ನ ಒಳಗಿನಿಂದ ಮಗಳು ಚೀರಿದಳು.

ಹೋಗಿ ನೋಡಿದರೆ ನೀರು ಒಡೆದಿದೆ, ಕೂಸಿನ ಕಾಲು ಕಾಣುತ್ತಿದೆ. ಬೈಲಹೊಂಗಲದ ದವಾಖಾನೆಗೆ ಹೋಗಲು ಬಸ್ಸಿರುವುದು ಸಂಜೆಗೆ.

ಶೆಟ್ಟೆವ್ವ ಓಡಿ ಹೋಗಿ ಎಣ್ಣೆ ಹಚ್ಚಿ, ಬೂದಿ ತಿಕ್ಕಿ, ಮಜ್ಜಿಗೆಯಲ್ಲಿ ಕೈ ಅದ್ದಿದಳು. ಅವಳ ಬೆರಳಿಗೆ ಖಾರ ತಿಳಿಯುವುದು ನಿಂತು ಎಷ್ಟೋ ವರ್ಷವಾಗಿತ್ತು. ಹಾಗಾಗಿ ಕಣ್ಣಿನ ರೆಪ್ಪೆಗೆ ಮುಟ್ಟಿಸಿ ನೋಡಿದಳು. ಉರಿ ನೆತ್ತಿಗೇರಿತು. ಮತ್ತೆ ತೊಳೆದಳು. ಮತ್ತೂ ಉರಿ. ಕಾಲು ಮುಂದಾಗಿ ಬರುವ ಕೂಸಿನ ಬಾಯಲ್ಲಿ ಬೆರಳಿಟ್ಟು, ಗದ್ದ ಬಗ್ಗಿಸಿ ತಲೆ ಇಳಿಸಬೇಕು. ಈ ಬೆರಳನ್ನು ಇಡುವುದಾದರೂ ಹೇಗೆ? ಮೂವತ್ತು ವರ್ಷದಿಂದ ಹೆರಿಗೆ ಮಾಡಿಸುತ್ತ ಬಂದವಳು ಮೊದಲ ಸಲ ಇನ್ನೊಬ್ಬರ ಕೈ ಹುಡುಕಿದಳು.

ಗೋಡೆಯಾಚೆಯ ರಹೀಮಬಿಯನ್ನು ಕೂಗಿದಳು. ರಹೀಮಬಿ ಮನೆಮನೆಗೆ ಹೋಗಿ ಬಳೆ ಇಡಿಸುವವಳು.

“ಅಯ್ಯ ಅಕ್ಕಾ, ನಾ ಒಂದ ಹೆರಿಗೀನೂ ಮಾಡಿಲ್ಲರಿ!”

“ಎಂಥಾ ದಪ್ಪ ಕೈಗೂ ಬಳಿ ಒಡೀದಂಗ ಇಡಸ್ತಿ. ಅಷ್ಟ ಹಗೂರಕ ಮಾಡು. ಸಬಕಾರ ಹಚ್ಚಿ ಕೈ ತೊಳಕೊಂಡ ಬಾ. ನಾ ಹೇಳತೇನಿ, ನೀ ಮಾಡು.”

ಶೆಟ್ಟೆವ್ವ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು.

“ಯವ್ವಾ, ನೀನ ಹಿಡಿಯವ್ವಾ!” ಎಂದು ಕೃಷ್ಣವ್ವ ಒದರಿದಳು. ಊರ ಹೆಣ್ಣುಮಕ್ಕಳ ಸೊಂಟವನ್ನೆಲ್ಲ ನೀವಿದ ಕೈ ಹೊಟ್ಟೆಯ ಮಗಳಿಗೆ ಇಲ್ಲ. ಶೆಟ್ಟೆವ್ವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

“ಜಗ್ಗಬ್ಯಾಡ! ಹೊಕ್ಕಳ ಕಾಣೂತನಕ ಸುಮ್ಮನಿರು,” ಎಂದು ರಹೀಮಬಿಯನ್ನು ಗದರಿದಳು.

ಹೊಕ್ಕಳು ಬಂತು. ಒಂದು ತೋಳು, ಇನ್ನೊಂದು ತೋಳು. ತಲೆ ಮಾತ್ರ ಅಲ್ಲೇ ನಿಂತಿತು.

“ಬಾಯಾಗ ಬೆರಳ ಇಡು. ಗದ್ದ ಎದಿಗೆ ಬಗ್ಗಿಸು. ಕೃಷ್ಣಿ, ತಿಣಕು!”

ರಹೀಮಬಿ ಕಣ್ಣು ಮುಚ್ಚಿದಳು. ಬಿಗಿ ಬಳೆ ಏರಿಸುವಾಗಲೂ ಅವಳು ಕೈಯನ್ನು ನೋಡುವವಳಲ್ಲ. ಬೆರಳಿಗೇ ಬಿಡುತ್ತಾಳೆ. ತಲೆ ಹೊರಬಂತು. ಕೂಸು ನೀಲಿಗಟ್ಟಿತ್ತು, ಸದ್ದಿಲ್ಲ.

“ಬೆನ್ನ ತಿಕ್ಕು! ನಿಲ್ಲಬ್ಯಾಡ, ತಿಕ್ಕು!”

ತಿಕ್ಕಿದಳು. ಇನ್ನೂ ತಿಕ್ಕಿದಳು. ಶೆಟ್ಟೆವ್ವ ತುಟಿ ಕಚ್ಚಿಕೊಂಡಳು. ಕೂಸು ಕೆಮ್ಮಿ, ಮುಖ ಕಿವುಚಿ, ಕಿಟಾರನೆ ಅತ್ತಿತು.

“ತಗೋರಿ ಅಕ್ಕಾ, ಮೊಮ್ಮಗಳು,” ಎಂದು ರಹೀಮಬಿ ಚಾಚಿದಳು.

ಶೆಟ್ಟೆವ್ವನ ಕೈಗಳು ತಾವಾಗಿಯೇ ಮುಂದೆ ಬಂದು ಅರ್ಧಕ್ಕೆ ನಿಂತವು. ಅವನ್ನು ಮತ್ತೆ ಹಿಂದಕ್ಕೆ ಕಟ್ಟಿಕೊಂಡಳು. ಮೊಣಕಾಲೂರಿ ಬಗ್ಗಿ, ಕೂಸಿನ ಪುಟ್ಟ ಅಂಗಾಲಿಗೆ ಗಲ್ಲ ಹಚ್ಚಿ, ಗೊಳೋ ಎಂದು ಅತ್ತಳು.